ದೊಡ್ಡಿ ಎಂಬ ಪದವೂ ನನ್ನ ಖಾಲಿ ಮೇಜೂ

ಮನುಷ್ಯನ ಬಾಳಿಗೆ ಅರ್ಥ ಬರುವುದು ಅವನು ಮಾಡುವ ಕೆಲಸದಿಂದ ಎಂದು ತಿಳಿದವರು ಬಹಳ ಗಂಭೀರವಾಗಿ ಹೇಳುತ್ತ ಬಂದಿದ್ದಾರೆ. ಹಾಗೆ ಹೇಳಿದವರಲ್ಲಿ ಒಬ್ಬರೂ ಮಕ್ತಲ್‌ನ ನಮ್ಮ ಕಚೇರಿಯಲ್ಲಿ ಕನ್ನಡ ತರ್ಜುಮೆಯ ಮೇಜಿಗೆ ಕುಳಿತವರಲ್ಲ. ಅಲ್ಲಿ ಕೆಲಸವೇ ಇರಲಿಲ್ಲ. ಆದರೂ ಸಂಜೆ ಐದರ ಹೊತ್ತಿಗೆ ಸೊಂಟ ನೋಯುತ್ತಿತ್ತು.

ಈಗ ನಿವೃತ್ತನಾಗಿ ನಾರಾಯಣಪೇಟೆಯ ಮನೆಯಲ್ಲಿ ಕೂತಿದ್ದೇನೆ. ಹೊಸದಾಗಿ ನೌಕರಿ ಹಿಡಿದವರು ಆಗಾಗ ಬಂದು, ಕೆಲಸ ಬಹಳ, ಉಸಿರಾಡಲು ಬಿಡುವಿಲ್ಲ ಎಂದು ಹೇಳಿಕೊಳ್ಳುತ್ತಾರೆ. ಅವರಿಗೆ ಚಹಾ ಕೊಟ್ಟು ಕಳಿಸುತ್ತೇನೆ. ಕೆಲಸ ಕಡಿಮೆ ಇರುವವರು ಮಾತ್ರ ಬಂದು ಹೇಳುವುದಿಲ್ಲ. ಅದು ಹೇಳಿಕೊಳ್ಳುವ ರೋಗವಲ್ಲ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಖಾಲಿ ಮೇಜಿನಿಂದ ಯಾರಿಗೂ ಕೆಡುಕಿಲ್ಲ ಎಂದು ತಿಳಿಯಬೇಡಿ. ನನ್ನ ಖಾಲಿ ಮೇಜಿನ ಮೇಲೆ ಹುಟ್ಟಿದ ಒಂದು ಪದ, ಮೂವತ್ತು ವರ್ಷ ಒಂದೇ ಜಾಗದಲ್ಲಿ ಬಾಳಿದ ಹೆಂಗಸನ್ನು ಅಲ್ಲಿಂದ ಎಬ್ಬಿಸುವ ತನಕ ಹೋಗಿತ್ತು.

ಮೊದಲು ನಾನು ನಾರಾಯಣಪೇಟೆಯಲ್ಲಿ ನಕಲು ಬರೆಯುವವನಾಗಿದ್ದೆ. ಹನ್ನೆರಡು ವರ್ಷ ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಪತ್ರಗಳನ್ನು ಬರೆದು ಬರೆದು ನಡುಬೆರಳಿನಲ್ಲಿ ಗಂಟು ಬಂದಿತ್ತು. ಆಗ ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಒಂದೇ ಜಿಲ್ಲೆಯಲ್ಲಿದ್ದವು. ಗಡಿಯ ಹಳ್ಳಿಗಳಿಂದ ಜಮೀನಿನ ಹಳೆಯ ಕಾಗದಗಳು ಕನ್ನಡದಲ್ಲಿ ಬರುತ್ತವೆ, ಅಧಿಕಾರಿಗಳು ತೆಲುಗಿನವರು, ನಡುವೆ ಒಬ್ಬ ಬೇಕು ಎಂದು ಯಾರೋ ಮೇಲೆ ಯೋಚಿಸಿದರು. ಆ ನಡುವಿನ ಒಬ್ಬ ನಾನಾದೆ. ಮಕ್ತಲ್‌ನ ಹಳಬರು ಆ ಹುದ್ದೆಯನ್ನು ನಿಜಾಮರ ಕಾಲದ ಮಾತಿನಲ್ಲಿ ‘ತರ್ಜುಮೆ ಸಾಹೇಬ’ ಎನ್ನುತ್ತಿದ್ದರು. ಕೇಳಲು ಘನವಾಗಿತ್ತು.

ಮೊದಲ ದಿನ ನನಗೆ ಒಂದು ಮೇಜು, ಒಂದು ಕುರ್ಚಿ, ಒಂದು ಬೀರು ಸಿಕ್ಕವು. ಬೀರುವಿಗೆ ಬೀಗವಿತ್ತು, ಬೀಗಕ್ಕೆ ಕೀಲಿ ಇರಲಿಲ್ಲ. ಒಳಗೆ ಏನಿದೆ ಎಂದು ನಾನು ಆ ಕಚೇರಿ ಬಿಡುವವರೆಗೂ ತಿಳಿಯಲಿಲ್ಲ. ನಮ್ಮ ಅಧಿಕಾರಿ ರಾಜಿರೆಡ್ಡಿ ಸಾಹೇಬರು ವರಂಗಲ್ ಕಡೆಯವರು, ಕನ್ನಡದ ಒಂದಕ್ಷರ ಬಾರದವರು. ಅವರ ಮಾತೆಲ್ಲ ತೆಲುಗು. ಇಲ್ಲಿ ಅದನ್ನು ನಾನೇ ಕನ್ನಡಿಸಿದ್ದೇನೆ, ಈ ಸಲ ಎಚ್ಚರದಿಂದ. “ಕೂತುಕೊಳ್ಳಿ, ಕಾಗದ ಬರುತ್ತವೆ” ಎಂದರು. ಕೂತೆ.

ಮೊದಲ ಕಾಗದ ಬಂದದ್ದು ಹತ್ತೊಂಬತ್ತನೆಯ ದಿನ. ಸಾಹೇಬರ ಕೈಬರಹದಲ್ಲಿ ‘ತರ್ಜುಮೆಗೆ’ ಎಂಬ ಷರಾ ಇತ್ತು. ನೋಡಿದರೆ ಅದು ಮಕ್ತಲ್‌ನ ಬಟ್ಟೆ ವ್ಯಾಪಾರಿಯೊಬ್ಬರ ಮಗಳ ಮದುವೆಯ ಆಮಂತ್ರಣ. ಹತ್ತೊಂಬತ್ತು ದಿನ ಹಸಿದಿದ್ದ ನಾನು ಅದನ್ನು ಬಿಡುವುದುಂಟೇ? ಪತ್ರದ ತಲೆಯ ಮೇಲಿದ್ದ ಗುರುವಂದನೆಯಿಂದ ಹಿಡಿದು ಉಡುಗೊರೆ ಬೇಡವೆಂಬ ಕೊನೆಯ ಸಾಲಿನ ತನಕ ತೆಲುಗಿಗೆ ತಂದೆ. ಎರಡು ಅಡಿಟಿಪ್ಪಣಿ ಹಾಕಿದೆ. ‘ಮೂಲಕ್ಕೆ ಸರಿಯಾಗಿದೆ’ ಎಂದು ದೃಢೀಕರಿಸಿ, ಮೊಹರು ಹೊಡೆದು, ಮೂರನೆಯ ದಿನ ಎರಡು ಪ್ರತಿಗಳಲ್ಲಿ ಸಲ್ಲಿಸಿದೆ. ಮದುವೆ ಹಿಂದಿನ ದಿನವೇ ಮುಗಿದಿತ್ತು. ಸಾಹೇಬರು ಪೂರ್ತಿ ಓದಿದರು. “ಭೋಜನದ ಸಾಲು ಚೆನ್ನಾಗಿ ಬಂದಿದೆ” ಎಂದರು.

ಆಮೇಲೆ ತಿಂಗಳಿಗೆ ಒಂದು ಕಾಗದ ಬಂದರೆ ಹೆಚ್ಚು. ಉಳಿದ ಹೊತ್ತೆಲ್ಲ ಎದುರಿನ ಗೋಡೆ ನೋಡುತ್ತ ಕೂರುತ್ತಿದ್ದೆ. ನನ್ನ ದಿನಗಳನ್ನು ಕಳೆಯಲು ಕಲಿಸಿದವರು ಖಾಜಾ ಭಾಯಿ. ಅವರು ನಮ್ಮ ಅಟೆಂಡರ್. ಇಪ್ಪತ್ತೈದು ವರ್ಷದ ಸರ್ವಿಸ್‌ನಲ್ಲಿ ಅವರು ಓಡಿದ್ದನ್ನು ಕಂಡವರಿಲ್ಲ.

“ಸಾಬ್, ನೀವು ಗ್ವಾಡಿ ನೋಡಕೋಂತ ಕುಂದ್ರತೀರಿ. ಅದು ತಪ್ಪು” ಎಂದರು ಒಂದು ದಿನ.

“ಮತ್ತೇನು ನೋಡ್ಲಿ ಭಾಯಿ?”

“ಕಾಗದ ನೋಡ್ರಿ. ಬರೆದದ್ದು ಇರ್ಲಿ, ಬರೀದಿದ್ದು ಇರ್ಲಿ. ಗ್ವಾಡಿ ನೋಡಿದ್ರ ಮಂದಿ ಇವಗ ಕೆಲಸ ಇಲ್ಲ ಅಂತಾರ. ಕಾಗದ ನೋಡಿದ್ರ ಇವಗ ಕೆಲಸ ತಿಳಿಯವಲ್ದು ಅಂತಾರ. ಎರಡನೇದು ಮರ್ಯಾದಿ.”

ನಾನು ಕಾಗದ ನೋಡತೊಡಗಿದೆ. ಬರೀ ಕಾಗದವನ್ನು ಬಹಳ ದಿನ ನೋಡಿದರೆ ಅದರ ಮೇಲೆ ಏನಾದರೂ ಬರೆಯಬೇಕೆನಿಸುತ್ತದೆ. ಅಲ್ಲಿಂದ ನನ್ನ ಕೇಡು ಶುರುವಾಯಿತು. ಹಳೆಯ ಪತ್ರಗಳಲ್ಲಿ ಬರುವ ಕನ್ನಡ ಪದಗಳಿಗೆ ತೆಲುಗು ಅರ್ಥ ಕೊಡುವ ಒಂದು ಪದಕೋಶ ಮಾಡುವುದೆಂದು ತೀರ್ಮಾನಿಸಿದೆ. ‘ಅ’ದಿಂದ ಹಿಡಿದೆ. ದಿನಕ್ಕೆ ಹತ್ತು ಪದ. ಯಾರನ್ನೂ ಕೇಳುವ ಅಗತ್ಯ ಕಾಣಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡಿ ಬೆಳೆದವನು ನಾನು. ನನಗಿಂತ ತಿಳಿದವರು ಯಾರು? ಕುರ್ಚಿ ಬಿಟ್ಟು ಏಳದೆ ನಾಲ್ಕು ತಿಂಗಳಲ್ಲಿ ‘ಹ’ ಮುಟ್ಟಿದೆ.

ರಾಜಿರೆಡ್ಡಿ ಸಾಹೇಬರಿಗೆ ಸಂತೋಷವೋ ಸಂತೋಷ. ತಮ್ಮ ಕಚೇರಿಯಲ್ಲಿ ತಾವಾಗಿಯೇ ಹುಟ್ಟಿದ ಪುಸ್ತಕವನ್ನು ಅವರು ಅದುವರೆಗೆ ಕಂಡಿರಲಿಲ್ಲ. ಟೈಪ್ ಮಾಡಿಸಿ, ಕೆಂಪು ಬಟ್ಟೆಯ ರಟ್ಟು ಹಾಕಿಸಿ, ಒಂದು ಪ್ರತಿ ಜಿಲ್ಲೆಯ ದೊಡ್ಡ ಕಚೇರಿಗೆ ಕಳಿಸಿದರು. ಇನ್ನೊಂದನ್ನು ಜನ ನೋಡಲೆಂದು ಹೊರಗಿನ ಕೌಂಟರ್‌ನಲ್ಲಿ ಇಡಿಸಿದರು. ಮೂರನೆಯದು ನನ್ನ ಮೇಜಿನ ಮೇಲೆ ಉಳಿಯಿತು. ಅನಗತ್ಯ ಹುದ್ದೆಗಳ ಪಟ್ಟಿ ಮಾಡಲು ಮೇಲಿನವರು ಬರುವವರಿದ್ದರು. “ಅವರಿಗೆ ತೋರಿಸಲು ನಿಮ್ಮ ಹತ್ತಿರ ಈಗ ಒಂದು ವಸ್ತು ಇದೆ” ಎಂದರು.

ಪುಸ್ತಕದ ‘ದ’ ಅಕ್ಷರದ ಪುಟದಲ್ಲಿ, ‘ದೊಡ್ಡಿ’ ಎಂಬ ಪದದ ಎದುರಿಗೆ ನಾನು ‘ಪೆರಡು’ ಎಂದು ಬರೆದಿದ್ದೆ. ತೆಲುಗಿನಲ್ಲಿ ಪೆರಡು ಎಂದರೆ ಹಿತ್ತಲು. ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ತೆಲುಗರೂ ನಾವೂ ಮನೆಯ ಹಿಂದಿನ ಜಾಗವನ್ನು ದೊಡ್ಡಿ ಎಂದೇ ಕರೆಯುತ್ತಿದ್ದೆವು. ಬೆಳಗ್ಗೆ ಚೊಂಬು ಹಿಡಿದು ಹೋಗುವ ಸ್ಥಳ. ಆ ಪದಕ್ಕೆ ಬೇರೆ ಬಾಳು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಅದಾದ ಎರಡು ತಿಂಗಳಿಗೆ ಕೃಷ್ಣಾ ನದಿಯ ಕಡೆಯ ಹಳ್ಳಿಯಿಂದ ಒಂದು ವಾಟ್ನಿ ಪತ್ರ ಬಂತು. ಕುರುಬರ ಮನೆಯ ಮುದುಕನೊಬ್ಬ ಸಾಯುವ ಮುಂಚೆ ಆಸ್ತಿ ಹಂಚಿ ಬರೆಸಿದ ಕಾಗದ. ಮೂರೇ ಮಾತು: ‘ಊರಾಗಿನ ಮನಿ ಮಗ ನಿಂಗಪ್ಪಗ. ದೊಡ್ಡಿ ಮಗಳು ಮಾಳವ್ವಗ. ಉಳಿದದ್ದು ಏನಿದ್ದರೂ ನಿಂಗಪ್ಪಗ.’ ದೊಡ್ಡಿ ಎಂಬಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ನಿಯಮದ ಪ್ರಕಾರ ಪದಕೋಶ ತೆಗೆದು ನೋಡಿದೆ. ನಾನು ಬರೆದದ್ದನ್ನು ನಾನೇ ಓದಿ ನಾನೇ ಒಪ್ಪಿದೆ. ‘ಪೆರಡು ಮಾಳವ್ವನಿಗೆ’ ಎಂದು ತೆಲುಗಿನಲ್ಲಿ ಬರೆದು ಮೊಹರು ಹೊಡೆದೆ. ಹತ್ತು ನಿಮಿಷದ ಕೆಲಸ. ಉಳಿದ ದಿನವೆಲ್ಲ ತೃಪ್ತಿಯಿಂದ ಕೂತಿದ್ದೆ.

ಸಾಹೇಬರು ಆ ತೆಲುಗನ್ನು ನಂಬಿ ಹುಕುಂ ಮಾಡಿದರು. ಊರಿನ ಮನೆ ನಿಂಗಪ್ಪನಿಗೆ, ಆ ಮನೆಯ ಹಿತ್ತಲು ಮಾಳವ್ವನಿಗೆ, ಉಳಿದ ಜಾಗವೆಲ್ಲ ನಿಂಗಪ್ಪನಿಗೆ. ತಕರಾರಿದ್ದರೆ ಮೂವತ್ತು ದಿನದೊಳಗೆ ಹೇಳಬೇಕು, ಆಮೇಲೆ ಪಹಣಿಯಲ್ಲಿ ಹೆಸರು ಕಾಯಂ.

ಇಪ್ಪತ್ತೊಂದನೆಯ ದಿನ ಐವತ್ತು ದಾಟಿದ ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ಬಂದು ನಿಂತಳು. ಹುಕುಮಿನ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ತಂದಿದ್ದಳು.

“ತರ್ಜುಮಿ ಮಾಡೋರು ನೀವೇನ್ರಿ?”

“ಹೌದವ್ವ, ನಾನ.”

“ನಾನು ಮಾಳವ್ವರಿ. ಈ ಕಾಗದದಾಗ ನನಗ ಏನ್ ಬಂದೈತಿ, ಒಂದೀಟು ಕನ್ನಡದಾಗ ಓದ್ರಿ.”

ಓದಿದೆ. “ಹಿತ್ತಲ ಬಂದೈತಿ.”

“ಯಾರ ಹಿತ್ತಲ?”

“ಊರಾಗಿನ ಮನಿದು.”

“ನಮ್ಮಪ್ಪ ಬಾಯಿಲೆ ಹೇಳಿದ್ದು ದೊಡ್ಡಿ. ಕಾಗದದಾಗ ಬರಸಿದ್ದೂ ದೊಡ್ಡಿ. ನಡುವ ಈ ಹಿತ್ತಲ ಎಲ್ಲಿಂದ ಬಂತ್ರಿ?”

ಕೆಂಪು ಪುಸ್ತಕ ತೆಗೆದು, ಪುಟ ಹುಡುಕಿ, ಪದದ ಕೆಳಗೆ ಬೆರಳಿಟ್ಟು ತೋರಿಸಿದೆ. ಅವಳಿಗೆ ಓದು ಬಾರದು. ಆದರೂ ಬಗ್ಗಿ ನೋಡಿದಳು.

“ಈ ಪುಸ್ತಕ ಯಾರು ಬರದಾರ?”

“ನಾನ ಬರದೀನಿ.”

“ಬರಿಯೋ ಮುಂದ ಯಾರ್ನ ಕೇಳಿದ್ರಿ?”

ಮೂವತ್ತಕ್ಕೂ ಹೆಚ್ಚು ವರ್ಷದ ನೌಕರಿಯಲ್ಲಿ ನನ್ನನ್ನು ಅನೇಕ ಮೇಲಧಿಕಾರಿಗಳು ಅನೇಕ ಪ್ರಶ್ನೆ ಕೇಳಿದ್ದಾರೆ. ಎಲ್ಲಕ್ಕೂ ಏನಾದರೊಂದು ಉತ್ತರ ಹೇಳಿದ್ದೇನೆ. ಇದಕ್ಕೆ ಮಾತ್ರ ಪುಸ್ತಕ ಮುಚ್ಚಿ ಪಕ್ಕಕ್ಕೆ ಸರಿಸಿದೆ.

“ಮುನ್ನೂರು ಕುರಿ ಅದಾವ್ರಿ ನನ್ನವು” ಎಂದಳು, ದನಿ ಏರಿಸದೆ. “ಆ ಹಿತ್ತಲದಾಗ ಒಂದು ಎಮ್ಮಿ ಹೊಳ್ಳಾಕ ಜಾಗ ಇಲ್ಲ. ದೊಡ್ಡಿ ಬಿಡು ಅಂತ ನಮ್ಮ ತಮ್ಮ ದಿನಾ ಬಂದು ನಿಂದ್ರತಾನ. ಮರಿ ಎಲ್ಲಿ ಹಾಕ್ಲಿ, ನಾ ಎಲ್ಲಿ ಮಲಗ್ಲಿ? ಅದನ್ನೂ ನಿಮ್ಮ ಪುಸ್ತಕದಾಗ ಬರದೀರೇನು ನೋಡ್ರಿ.”

ಅವಳು ಹೋದ ಮೇಲೆ ಖಾಜಾ ಭಾಯಿ ಚಹಾ ತಂದಿಟ್ಟರು. ಕರೆಯದೆ ಅವರು ಚಹಾ ತಂದದ್ದು ಅದೊಂದೇ ಸಲ.

“ಭಾಯಿ, ದೊಡ್ಡಿ ಅಂದ್ರ ಏನು?”

“ಕುರುಬರ ಮಾತಿನಾಗೇನ್ರಿ? ಹೊಲದಾಗ ಕುರಿ ತುಂಬೋ ಜಾಗ. ಬೇಲಿ, ಗುಡಿಸಲ, ಒಲಿ, ಎಲ್ಲಾ ಕೂಡಿ ದೊಡ್ಡಿ. ಅಲ್ಲೇ ಹುಟ್ಟತಾರ, ಅಲ್ಲೇ ಸಾಯತಾರ. ನಿಮಗ ಗೊತ್ತಿಲ್ಲೇನು?”

“ನಾಲ್ಕು ತಿಂಗಳು ನಿಮ್ಮ ಮುಂದ ಕುಂತು ಬರದೆ. ಒಮ್ಮೆ ಹೇಳಬಾರದಿತ್ತಾ?”

“ನೀವು ಕೇಳಲಿಲ್ಲಲ್ಲ ಸಾಬ್. ಕಾಗದ ನೋಡಾಕತ್ತಿದ್ರಿ.” ಹೊರಡುತ್ತ ಮತ್ತೆ ಹೇಳಿದರು: “ಒಂದು ಮಾತು. ಮ್ಯಾಲಿನ ಮಂದಿ ಬರೋರದಾರ. ನಿಮ್ಮ ಕುರ್ಚಿ ನಿಂತಿದ್ದು ಆ ಕೆಂಪು ಪುಸ್ತಕದ ಮ್ಯಾಲ. ಈಗ ಅದರಾಗ ತಪ್ಪೈತಿ ಅಂದ್ರ ಕುರ್ಚಿ ಹೋಗ್ತೈತಿ. ವಿಚಾರ ಮಾಡ್ರಿ.”

ಎರಡು ದಿನ ವಿಚಾರ ಮಾಡಿದೆ. ವಿಚಾರ ಮಾಡಲು ನನಗೆ ಬೇಕಾದಷ್ಟು ಹೊತ್ತಿತ್ತು. ಮನೆಯಲ್ಲಿ ನಾಲ್ಕು ಬಾಯಿ ನನ್ನ ನೌಕರಿ ನಂಬಿದ್ದವು ಎಂಬುದನ್ನೂ ಮುಚ್ಚಿಡುವುದಿಲ್ಲ. ಸುಮ್ಮನಿದ್ದರೆ ಇನ್ನೇಳು ದಿನಕ್ಕೆ ಎಲ್ಲ ತಾನಾಗಿ ಕಾಯಂ ಆಗುತ್ತಿತ್ತು, ನನ್ನ ತಪ್ಪೂ ಸೇರಿ. ಭಾನುವಾರ ಬಸ್ಸು ಹಿಡಿದು ಆ ಹಳ್ಳಿಗೆ ಹೋದೆ. ಊರಿನಿಂದ ಎರಡು ಮೈಲಿ ನಡೆಯಬೇಕಾಯಿತು. ಹೊಸ ರಸ್ತೆಯ ಕೆಲಸ ಅಲ್ಲಿಯತನಕ ಬಂದಿತ್ತು. ತಮ್ಮನಿಗೆ ಆ ಜಾಗದ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿದ್ದು ಯಾಕೆಂದು ತಿಳಿಯಿತು.

ಎತ್ತರದ ಕಲ್ಲುನೆಲ. ಸುತ್ತ ಎದೆಮಟ್ಟ ಜಾಲಿಮುಳ್ಳಿನ ಬೇಲಿ. ಒಳಗೆ ಮೂರು ಗುಡಿಸಲು, ಮರಿಗಳಿಗೆ ಬೇರೆಯಾಗಿ ಕಲ್ಲು ಕಟ್ಟಿದ ಸಣ್ಣ ಆವರಣ, ನೀರಿನ ಬಾನಿ, ಬೇವಿನ ಗಿಡದ ಬುಡದಲ್ಲಿ ಭಂಡಾರ ಬಡಿದ ಬೀರಪ್ಪನ ಕಲ್ಲು. ನೆಲವೆಲ್ಲ ಎಷ್ಟೋ ವರ್ಷದ ಹಿಕ್ಕೆ ತುಳಿದು ಕಪ್ಪಾಗಿ, ಮೆತ್ತಗಾಗಿತ್ತು. ಮಾಳವ್ವ ಮದುವೆಯಾಗಿ ಐದೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅಪ್ಪನ ಹತ್ತಿರ ಇಲ್ಲಿಗೇ ಬಂದವಳು. ನನ್ನನ್ನು ಕಂಡು, ಬೇಲಿಗೆ ಬಾಗಿಲಾಗಿದ್ದ ಮುಳ್ಳಿನ ಪಡಕು ಸರಿಸಿದಳು.

“ಬರ್ರಿ ತರ್ಜುಮಿ ಸಾಹೇಬ್ರ. ನನ್ನ ಹಿತ್ತಲ ನೋಡಾಕ ಬಂದ್ರೇನು?”

ತಲೆ ತಗ್ಗಿಸಿ ಒಳಗೆ ಹೋದೆ. ಹೆಜ್ಜೆ ಹಾಕಿ ಅಳೆದೆ. ಉದ್ದಕ್ಕೆ ತೊಂಬತ್ತು, ಅಡ್ಡಕ್ಕೆ ಅರವತ್ತು. ನನ್ನ ಹಿಂದೆ ಒಂದು ಮರಿಯೂ ಅಷ್ಟು ಹೆಜ್ಜೆ ಹಾಕಿತು. ಆಮೇಲೆ ಅವಳು ರೊಟ್ಟಿ, ಪುಂಡಿಪಲ್ಯ ಕೊಟ್ಟಳು. “ತಪ್ಪು ಮಾಡಿದವರಿಗೂ ಹಸಿವು ಆಗ್ತೈತಲ್ರಿ” ಎಂದಳು. ಅದು ಕ್ಷಮೆಯೋ ಚುಚ್ಚೋ ಎಂದು ಇವತ್ತಿಗೂ ಗೊತ್ತಿಲ್ಲ. ಊಟ ಮಾತ್ರ ಪೂರ್ತಿ ಮಾಡಿದೆ.

ಸೋಮವಾರ ಸಾಹೇಬರ ಮುಂದೆ ಒಂದು ಹಾಳೆ ಇಟ್ಟೆ. ‘ದೊಡ್ಡಿ ಎಂಬುದಕ್ಕೆ ಪೆರಡು ಎಂದು ಬರೆದದ್ದು ತಪ್ಪು. ತಪ್ಪು ನನ್ನದು.’ ಅವರು ಎರಡು ಸಲ ಓದಿದರು.

“ನಿಮಗೆ ವರ್ಷಕ್ಕೆ ಎಷ್ಟು ಕಾಗದ ಬರುತ್ತವೆ?”

“ಹತ್ತು, ಹನ್ನೊಂದು, ಸಾರ್.”

“ಹತ್ತರಲ್ಲಿ ಒಂದು ತಪ್ಪು ಮಾಡಿದ್ದೀರಿ. ದಿನಕ್ಕೆ ನೂರು ಕಾಗದ ನೋಡುವವನೂ ಇಷ್ಟು ತಪ್ಪು ಮಾಡುವುದಿಲ್ಲ.”

ನಾನು ಕೆಂಪು ಪುಸ್ತಕವನ್ನೂ ಅವರ ಮುಂದಿಟ್ಟೆ.

“ಈ ಪುಸ್ತಕದಲ್ಲಿ ಉಳಿದ ಪದಗಳು ಸರಿಯಾಗಿವೆಯೇ?”

“ಗೊತ್ತಿಲ್ಲ ಸಾರ್.”

ಅವರು ಕನ್ನಡಕ ತೆಗೆದಿಟ್ಟರು. “ಇದನ್ನು ದಾಖಲೆ ಮಾಡಿದರೆ ನಿಮ್ಮ ಹುದ್ದೆಯ ಬಗ್ಗೆ ನಾನು ಮೇಲೆ ಏನು ಹೇಳಲಿ? ತೋರಿಸಲು ಇದ್ದದ್ದು ಇದೊಂದೇ.”

“ತಿಳಿದಿದೆ ಸಾರ್.”

ಹಾಳೆಯ ಮೇಲೆ ‘ದಾಖಲಿಸಿ, ಇಬ್ಬರನ್ನೂ ವಿಚಾರಣೆಗೆ ಕರೆಯಿರಿ’ ಎಂದು ಬರೆದು ಸಹಿ ಹಾಕಿದರು. ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು.

ಇಪ್ಪತ್ತೊಂಬತ್ತನೆಯ ದಿನ ವಿಚಾರಣೆ. ನಿಂಗಪ್ಪ ಬಿಳಿ ಅಂಗಿ ತೊಟ್ಟು, ಅಕ್ಕನಿಂದ ನಾಲ್ಕು ಮಾರು ದೂರ ನಿಂತಿದ್ದ. ಅವನು ಕೈಯಲ್ಲಿ ಏನೋ ಹಿಡಿದಿದ್ದ. ಹೊರಗಿನ ಕೌಂಟರ್‌ನ ಕೆಂಪು ಪುಸ್ತಕ. ಯಾರಿಂದಲೋ ಓದಿಸಿಕೊಂಡು ‘ದ’ ಅಕ್ಷರದ ಪುಟಕ್ಕೆ ಬೀಡಿಯ ಕಟ್ಟಿನ ಕಾಗದ ಸಿಕ್ಕಿಸಿದ್ದ.

“ದೊಡ್ಡಿ ಅಂದ್ರ ಪೆರಡ ಅಂತ ಸರ್ಕಾರಿ ಪುಸ್ತಕದಾಗ ಅಚ್ಚಾಗೇತ್ರಿ. ಇದನ್ನ ಬರದವರು ಇಲ್ಲೇ ನಿಂತಾರ. ಕೇಳ್ರಿ” ಎಂದ.

ನಾನು ಅದನ್ನು ಸಾಹೇಬರಿಗೆ ತೆಲುಗಿನಲ್ಲಿ ಹೇಳಿದೆ. ನನ್ನ ವಿರುದ್ಧ ನನ್ನ ಪುಸ್ತಕ ಹೇಳಿದ ಸಾಕ್ಷಿಯನ್ನು ನಾನೇ ತರ್ಜುಮೆ ಮಾಡಿದೆ, ಒಂದಕ್ಷರ ಬಿಡದೆ. ಆಮೇಲೆ ಆ ಪುಸ್ತಕ ತಪ್ಪು ಎಂದೂ ಹೇಳಿದೆ.

“ಅಂದು ಸರಿ ಅಂದ್ರು, ಇಂದು ತಪ್ಪು ಅಂತಾರ. ಯಾವ ದಿನದ ಮಾತು ನಂಬಬೇಕ್ರಿ?” ಎಂದ ನಿಂಗಪ್ಪ. ಅವನ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಸಾಹೇಬರೂ ನನ್ನ ಕಡೆ ನೋಡಿದರು. ಮಾಳವ್ವ ಸೆರಗಿನ ಚುಂಗು ಸುತ್ತುತ್ತಿದ್ದಳು.

ಸಾಹೇಬರು ಫೈಲು ಮುಚ್ಚಿ, ಬೇರೇನೋ ನೆನಪಾದವರಂತೆ ಕೇಳಿದರು: “ಇವನಿಗೆ ಕುರಿಗಳಿವೆಯೇ, ಕೇಳಿ.”

ಕೇಳಿದೆ. “ಮೂವತ್ತು ಅದಾವ್ರಿ” ಎಂದ.

“ಎಲ್ಲಿ ಬಿಡುತ್ತಾನೆ?”

“ಕುರಿ ಎಲ್ಲಿ ಬಿಡ್ತೀಯಪ್ಪ?”

“ಎಲ್ಲಿ ಬಿಡಾನ್ರಿ, ಅಕ್ಕನ ದೊಡ್ಡಿಯಾಗ.”

ಬಾಯಿಂದ ಬಂದುಬಿಟ್ಟಿತ್ತು. ಮೂವತ್ತು ವರ್ಷ ಆಡಿದ ಮಾತು. ನಾಲಿಗೆ ವಕೀಲರನ್ನು ಕೇಳಿಕೊಂಡು ಹೊರಡುವುದಿಲ್ಲ. ಅವನು ತುಟಿ ಕಚ್ಚಿದ. ಮಾಳವ್ವ ಮೊದಲ ಸಲ ತಲೆ ಎತ್ತಿ ತಮ್ಮನನ್ನು ನೋಡಿದಳು.

“ಏನಂದ?” ಎಂದರು ಸಾಹೇಬರು.

“ಅಕ್ಕನ ದೊಡ್ಡಿಯಲ್ಲಿ ಎಂದ ಸಾರ್. ನನ್ನ ಪುಸ್ತಕದ ಪ್ರಕಾರ ಅವನ ಮೂವತ್ತು ಕುರಿ ಊರೊಳಗಿನ ಮನೆಯ ಹಿತ್ತಲಲ್ಲಿವೆ. ನಾನು ಹೋಗಿ ನೋಡಿದ ಪ್ರಕಾರ ಊರಿನಿಂದ ಎರಡು ಮೈಲಿ ದೂರದಲ್ಲಿವೆ.”

ಸಾಹೇಬರು ನಗಲಿಲ್ಲ. “ಅವನ ಮಾತನ್ನು ಅವನ ಭಾಷೆಯಲ್ಲೇ ಬರೆದುಕೊಳ್ಳಿ” ಎಂದರು. “ತರ್ಜುಮೆ ಬೇಡ.” ಆ ಕಚೇರಿಯ ಕಡತಗಳಲ್ಲಿ ನಾನು ಕನ್ನಡದಲ್ಲಿ ಬರೆದ ಒಂದೇ ಸಾಲು ಅದು. ಕೆಳಗೆ ನಿಂಗಪ್ಪನ ಹೆಬ್ಬೆಟ್ಟು ಬಿತ್ತು. ಹೊರಗೆ ಹೋಗುವಾಗ ಅಕ್ಕನ ಮುಂದೆ ಒಂದು ಕ್ಷಣ ನಿಂತ. “ಕುರಿ ಹೊಡಕೊಂಡು ಹೋಗ್ಲೇನು?” ಎಂದು ನೆಲ ನೋಡುತ್ತ ಕೇಳಿದ.

“ಕುರಿ ಏನ್ ಮಾಡ್ಯಾವೋ ಮೂಳ, ಇರಲಿ ಬಿಡು” ಎಂದಳು ಮಾಳವ್ವ.

ಹೊಸ ಹುಕುಂ ಬರುವ ತನಕ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಸಾಹೇಬರ ಅನುಮತಿ ಕೇಳಿ, ಕೆಂಪು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಟೆ. ಗುಂಡುಮಾಲ್ ಕಡೆಯ ರೈತರನ್ನು, ಇಟಿಕ್ಯಾಲದ ಹೊಲಗಳಲ್ಲಿ ಕುರಿ ನಿಲ್ಲಿಸಿದವರನ್ನು, ಅಲಂಪುರದ ಅಂಗಡಿಯವರನ್ನು ಒಂದೊಂದು ಪದ ಹಿಡಿದು ಕೇಳಿದೆ. ಕೆಲವರು ನಕ್ಕರು. ಅಲಂಪುರದ ಪೂಜಾರಿಯೊಬ್ಬರು, “ಇದನ್ನ ಕೇಳಾಕ ಬಸ್ಸಿನಾಗ ಬಂದ್ರೇನ್ರಿ? ಪಗಾರ ಕೊಡ್ತಾರ ಇದಕ್ಕ?” ಎಂದು ನಿಜವಾಗಿ ಬೆರಗಾದರು. ಇನ್ನೂ ಹದಿನಾಲ್ಕು ಪದ ತಪ್ಪಿದ್ದವು. ಅವುಗಳಿಂದ ಯಾರೂ ಮನೆ ಕಳೆದುಕೊಂಡಿರಲಿಲ್ಲ. ಅದು ನನ್ನ ಜಾಣತನದಿಂದಲ್ಲ, ಅಂಥ ಕಾಗದ ಬಂದಿರಲಿಲ್ಲ ಅಷ್ಟೇ. ಪ್ರತಿ ಪದದ ಎದುರಿಗೆ ಹೇಳಿದವರ ಊರು, ಕಸುಬು ಬರೆದುಕೊಂಡೆ. ಕೆಲಸವಿಲ್ಲದ ಆ ಮೇಜಿಗೆ ಇದ್ದ ಕೆಲಸ ಇದು. ಅದು ಮೇಜಿನ ಮೇಲೆ ಇರಲಿಲ್ಲವಾದ್ದರಿಂದ ನನಗೆ ವರ್ಷವಿಡೀ ಕಂಡಿರಲಿಲ್ಲ.

ಮೇಲಿನವರು ಬಂದಾಗ ತಿದ್ದುಪಡಿಗಳಿಂದ ಕೆಂಪಾದ ಪುಸ್ತಕವನ್ನೇ ಅವರ ಮುಂದಿಟ್ಟೆ. ಅವರು ರಟ್ಟಿನ ಬಣ್ಣವನ್ನು ಮೆಚ್ಚಿ, ಪುಟಗಳನ್ನು ನೋಡಿ, ಪಟ್ಟಿಯಲ್ಲಿ ನನ್ನ ಹುದ್ದೆಯನ್ನು ಬರೆದುಕೊಂಡು ಹೋದರು. ವರ್ಷದ ಕೊನೆಗೆ ಕನ್ನಡ ತರ್ಜುಮೆಯ ಹುದ್ದೆ ರದ್ದಾಯಿತು. ನನ್ನನ್ನು ಗದ್ವಾಲದ ದಾಖಲೆ ಕೋಣೆಗೆ ಹಾಕಿದರು. ಅಲ್ಲಿ ಕೆಲಸ ಮೈತುಂಬ ಇತ್ತು. ನಿವೃತ್ತನಾಗುವ ತನಕ ಅಲ್ಲೇ ಇದ್ದೆ.

ಮಕ್ತಲ್‌ನ ಹೊಸ ಹುಕುಮಿನಲ್ಲಿ ದೊಡ್ಡಿ ಎಂಬ ಪದವನ್ನು ತರ್ಜುಮೆ ಮಾಡದೆ ತೆಲುಗು ಅಕ್ಷರದಲ್ಲಿ ಹಾಗೆಯೇ ಬರೆಯಲಾಯಿತು. ತೊಂಬತ್ತು ಹೆಜ್ಜೆ ಉದ್ದ, ಅರವತ್ತು ಹೆಜ್ಜೆ ಅಗಲದ ಆ ಜಾಗ ಮಾಳವ್ವನ ಹೆಸರಿಗೆ ಪಹಣಿಯಲ್ಲಿ ದಾಖಲಾಯಿತು.